ಕಾಸರಕೋಡು ಟೊಂಕಕ್ಕೆ ದೊಡ್ಡ ಬಂದರು ಬೇಕೇ? ಪರ – ವಿರೋಧ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಪೇಟೆಯಿಂದ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅದರ ಟೊಂಕ ಎಂಬ ಮರಳಿನ ನಾಲಿಗೆ ಚಾಚಿಕೊಂಡಿದೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಮರಳು ಮತ್ತು ಮೀನುಗಾರರ ಮನೆಗಳು. ಇಲ್ಲಿ ಖಾಸಗಿ ವಾಣಿಜ್ಯ ಬಂದರು ಕಟ್ಟಲು 2010ರಲ್ಲಿ ರಾಜ್ಯ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಅಂದಿನಿಂದ ಕೋರ್ಟು, ಸರ್ವೆ, ಪ್ರತಿಭಟನೆ ನಡೆಯುತ್ತಲೇ ಬಂದಿವೆ. ಇದೇ ಊರಿನ ಇಬ್ಬರಿಗೆ ಒಂದೊಂದು ಪಕ್ಷ ಕೊಟ್ಟು ಬರೆಯಲು ಕೇಳಿದ್ದೆವು.

ಪರ: ನಮ್ಮ ಹುಡುಗರಿಗೆ ಕೆಲಸ ಎಲ್ಲಿದೆ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಹೊನ್ನಾವರ)

ಪರವಾಗಿ ಬರೆಯಿರಿ ಎಂದು ಕೇಳಿದಾಗ ಎರಡು ದಿನ ಯೋಚನೆ ಮಾಡಿದೆ. ನಮ್ಮಲ್ಲಿ ಬಂದರು ಬೇಡ ಎನ್ನುವವರು ಬೀದಿಗೆ ಬರುತ್ತಾರೆ. ಬೇಕು ಎನ್ನುವವರು ಚಹಾದಂಗಡಿಯಲ್ಲಿ ಮೆಲ್ಲಗೆ ಮಾತಾಡಿ ಮನೆಗೆ ಹೋಗುತ್ತಾರೆ. ಬರೆದು ನಾಲ್ಕು ಜನರ ಮನಸ್ಸು ಕೆಡಿಸುವುದು ಯಾಕೆ ಅಂತ ಸುಮ್ಮನಿರುತ್ತಾರೆ. ಯಾರಾದರೂ ಬರೆಯಬೇಕಲ್ವಾ, ಹಾಗಾಗಿ ಒಪ್ಪಿಕೊಂಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟೊಂಕದ ಅದೇ ಜಾಗ, ಅದೇ ನಕ್ಷೆ ಆಗಲೇಬೇಕು ಎಂದು ನಾನು ಹಟ ಹಿಡಿಯುವವನಲ್ಲ. ನಾನು ಎಂಜಿನಿಯರ್ ಅಲ್ಲ. ಸಂಜೆ ಹೊತ್ತು ಅದೇ ಬೇಲೆಯಲ್ಲಿ, ಅಂದರೆ ಕಡಲ ದಡದಲ್ಲಿ, ನಡೆಯುವವನು ನಾನು. ಅಲ್ಲಿ ಕ್ರೇನು, ಗೋದಾಮು ಎದ್ದರೆ ನನಗೂ ಬೇಸರ ಆಗುತ್ತದೆ. ಆದರೂ ಶರಾವತಿ ಅಳಿವೆಯಲ್ಲಿ ಹಡಗು ನಿಲ್ಲುವ ಒಂದು ಬಂದರು ಬೇಕು ಎಂದೇ ನನಗೆ ಅನಿಸುತ್ತದೆ.

ಇದು ಹೊಸ ಆಸೆಯೇನೂ ಅಲ್ಲ. ಹೊನ್ನಾವರ ಹುಟ್ಟಿದ್ದೇ ಬಂದರಾಗಿ. 14ನೇ ಶತಮಾನದಲ್ಲಿ ಇಬ್ನ್ ಬತೂತ ಎಂಬ ಪ್ರವಾಸಿ ಈ ಊರಿಗೆ ಬಂದಿದ್ದ. ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಎಂದು ಅವನು ಬರೆದಿಟ್ಟಿದ್ದಾನೆ. ಅಷ್ಟು ಶಾಲೆ ನಡೆಸುವ ದುಡ್ಡು ಎಲ್ಲಿಂದ ಬಂತು? ಕಡಲ ವ್ಯಾಪಾರದಿಂದ. ಆಮೇಲೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಆ ಮೆಣಸೂ ಇದೇ ಹೊಳೆಯಲ್ಲಿ ಇಳಿದು ಕಡಲಿಗೆ ಹೋಯಿತು. ನನ್ನ ಅಜ್ಜ ಚಿಕ್ಕವರಿದ್ದಾಗ ಹಂಚು ತುಂಬಿದ ಮಂಜಿ ಹಡಗುಗಳು ಹೊಳೆಯೊಳಗೆ ಬಂದು ನಿಲ್ಲುತ್ತಿದ್ದವಂತೆ. ಈಗ ನೋಡಿ, ಮಂಗಳೂರು ಬಿಟ್ಟರೆ ನಮ್ಮ ರಾಜ್ಯದ ಕರಾವಳಿಯಲ್ಲಿ ಇನ್ನೊಂದು ದೊಡ್ಡ ಬಂದರಿಲ್ಲ. ಅದು ಶುರುವಾಗಿ 50 ವರ್ಷ ಆಯಿತು. ಅಲ್ಲಿ ಬಂದರು ಬಂತು, ಕಾರ್ಖಾನೆ ಬಂತು, ಕಾಲೇಜು ಬಂತು. ನಮ್ಮಲ್ಲಿ ಏನು ಬಂತು?

ನಾನು 30 ವರ್ಷಕ್ಕೂ ಹೆಚ್ಚು ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದೇನೆ. ಒಂದು ಊರಿನ ಬದುಕು ಕೌಂಟರಿನಿಂದ ಚೆನ್ನಾಗಿ ಕಾಣುತ್ತದೆ. ನಮ್ಮ ಕಡೆಯ ಖಾತೆಗಳಿಗೆ ದುಡ್ಡು ಬರುವುದು ಹೊರಗಿನಿಂದ. ಗಲ್ಫ್, ಮುಂಬೈ, ಗೋವಾ, ಬೆಂಗಳೂರು. ತಿಂಗಳ ಮೊದಲ ವಾರ ವಯಸ್ಸಾದ ತಂದೆ ತಾಯಿಯರು ಪಾಸ್‌ಬುಕ್ ಹಿಡಿದು ಬರುತ್ತಿದ್ದರು. "ಮಗ ಹಾಕಿದ್ದಾನಾ ನೋಡಿ" ಎಂದು ಕೇಳುತ್ತಿದ್ದರು. ಮಗ ಹಾಕಿರುತ್ತಿದ್ದ. ಆದರೆ ಮಗ ಇಲ್ಲಿ ಇರುತ್ತಿರಲಿಲ್ಲ. ಓದಿದವನೂ ಹೋದ, ಓದದವನೂ ಹೋದ.

ಮೀನುಗಾರಿಕೆಯೇ ಸಾಕಲ್ಲ ಎನ್ನುತ್ತಾರೆ. ಸಾಕಾಗಿದ್ದರೆ ಮೀನುಗಾರರ ಮಕ್ಕಳು ಯಾಕೆ ಊರು ಬಿಡುತ್ತಾರೆ? ಬೋಟು ನಿಲ್ಲುವ ಧಕ್ಕೆಗೆ ಹೋಗಿ ನೋಡಿ. ಬೋಟಿನ ಮಾಲೀಕ ಇಲ್ಲಿಯವನು. ಕೆಲಸದವರು ಒಡಿಶಾ, ಜಾರ್ಖಂಡ್, ಆಂಧ್ರದವರು. ಬೋಟಿಗೆ ಸಾಲ ಕೊಡುವಾಗ ನಾನೇ ಎಷ್ಟೋ ಜನರನ್ನು ಕೇಳಿದ್ದೇನೆ, ನಿಮ್ಮ ಮಗ ಬೋಟಿಗೆ ಬರುತ್ತಾನಾ ಅಂತ. ಬರುತ್ತಾನೆ ಎಂದವರನ್ನು ಬೆರಳಲ್ಲಿ ಎಣಿಸಬಹುದು. ಡೀಸೆಲ್ ದುಡ್ಡೂ ಹುಟ್ಟದ ದಿನಗಳು ಜಾಸ್ತಿಯಾಗಿವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಉಳಿದ ದಿನಗಳಲ್ಲೂ ತೂಫಾನು ಬಂದರೆ ಬೋಟು ಕಟ್ಟಿ ಕೂರಬೇಕು. ಇಂಥ ಬದುಕನ್ನು ಮಕ್ಕಳಿಗೂ ಕೊಡಿ ಎಂದು ಹೇಳುವುದು ಸುಲಭ. ಬದುಕುವುದು ಸುಲಭವಲ್ಲ. ಬಂದರು ಬಂದರೆ ಲಾರಿ ಬೇಕು, ಗ್ಯಾರೇಜು ಬೇಕು, ಲೆಕ್ಕ ಬರೆಯುವವರು ಬೇಕು, ಹೋಟೆಲು ಬೇಕು. ಎಲ್ಲ ಕೆಲಸವೂ ನಮ್ಮವರಿಗೇ ಸಿಗುತ್ತದೆ ಎನ್ನಲಾರೆ. ಅರ್ಧ ಸಿಕ್ಕರೂ ಈಗಿನದಕ್ಕಿಂತ ಹೆಚ್ಚೇ.

ಅಳಿವೆಯ ಮಾತು ಬಂದರೆ ಯಾಕೋ ಎಲ್ಲರೂ ವಿಷಯ ಬದಲಿಸುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಹೊಳೆ ಹಿಂದಿನಂತೆ ಹರಿಯುವುದಿಲ್ಲ. ಅಳಿವೆಯ ಬಾಯಲ್ಲಿ ಮರಳು ಕೂತಿದೆ. ದಿಬ್ಬ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ನೀರು ಇಳಿದ ಹೊತ್ತಿನಲ್ಲಿ ಬೋಟು ಒಳಗೆ ತರುವುದು ಜೀವದ ಜೊತೆ ಆಟ. ನನ್ನ ಶಾಲೆಯ ಗೆಳೆಯನ ದೋಣಿ ಅಲ್ಲೇ ಮಗುಚಿತು. ಅವನು ಈಜಿ ದಡ ಸೇರಿದ. ಅವನ ಜೊತೆಗಿದ್ದವನು ಸೇರಲಿಲ್ಲ. ಬಂದರು ಎಂದರೆ ಹೂಳು ತೆಗೆಯಲೇಬೇಕು, ಅಲೆತಡೆ ಗೋಡೆ ಕಟ್ಟಲೇಬೇಕು, ವರ್ಷ ವರ್ಷ ಆಳ ಕಾಯ್ದುಕೊಳ್ಳಲೇಬೇಕು. ಆ ದಾರಿಯಲ್ಲಿ ನಮ್ಮ ಬೋಟುಗಳೂ ಬರಬಹುದು. ಮೀನುಗಾರರಿಗಷ್ಟೇ ಅಂತ ಪ್ರತಿವರ್ಷ ಅಷ್ಟು ಖರ್ಚು ಮಾಡುವ ಸರ್ಕಾರವನ್ನು ನಾನಂತೂ ನೋಡಿಲ್ಲ.

ಟೊಂಕದ ಮರಳಿನಲ್ಲಿ ಮೀನು ಒಣಗಿಸುವ ಹೆಂಗಸರಿಗೆ ಬೇರೆ ಕಡೆ ಒಳ್ಳೆಯ ಅಂಗಳ ಮಾಡಿಕೊಟ್ಟರೆ ಆಯಿತು. ಅದು ಬಗೆಹರಿಯದ ತೊಡಕಲ್ಲ. ಮೊಟ್ಟೆ ಇಡಲು ಕಡಲಾಮೆ ಬರುವುದೂ ನಿಜ, ಅದಕ್ಕೂ ಜಾಗ ಬಿಡಲಿ. ಆದರೆ ಬೆಂಗಳೂರಿನಿಂದ ಬಂದು ಆಮೆಯ ಜೊತೆ ಫೋಟೊ ತೆಗೆಸಿಕೊಂಡು ಹೋಗುವವರು ನಮ್ಮ ಊರಿನ ಒಬ್ಬ ಹುಡುಗನಿಗಾದರೂ ಕೆಲಸ ಕೊಡಿಸಿದ್ದಾರಾ? ಜಿಲ್ಲೆಗೆ ಏನೇ ಬಂದರೂ ಬೇಡ ಎನ್ನುತ್ತಾರೆ. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಶುರುವಾಗಿ 25 ವರ್ಷದ ಮೇಲಾಯಿತು. ರೈಲು ಇನ್ನೂ ಬಂದಿಲ್ಲ.

ಕೊನೆಗೆ ನನ್ನ ಅಣ್ಣನ ವಿಷಯ ಹೇಳಬೇಕು. ನಾನು ಪರ ಬರೆಯಲು ಒಪ್ಪಿದ್ದು ನಿಜವಾಗಿ ಇದಕ್ಕೇ.

ಜುಲೈ ತಿಂಗಳು, ರಾತ್ರಿ 11 ಗಂಟೆ, ಜೋರು ಮಳೆ. ಅಣ್ಣನಿಗೆ ಎದೆನೋವು ಬಂತು. ಊರಿನಲ್ಲಿ ಡಾಕ್ಟರು ನೋಡಿ ಒಂದು ಇಂಜೆಕ್ಷನ್ ಕೊಟ್ಟರು. "ತಡ ಮಾಡಬೇಡಿ, ಮಣಿಪಾಲಕ್ಕೆ ಹೊರಡಿ" ಎಂದರು. 100 ಕಿಲೋಮೀಟರಿಗೂ ಹೆಚ್ಚು ದಾರಿ. ಅತ್ತಿಗೆ ಮುಂದೆ ಕೂತರು. ನಾನು ಹಿಂದೆ ಅಣ್ಣನ ಕೈ ಹಿಡಿದು ಕೂತೆ. ಮುರ್ಡೇಶ್ವರ ದಾಟಿತು, ಭಟ್ಕಳ ದಾಟಿತು. ಅಲ್ಲಿಯವರೆಗೆ ಅಣ್ಣ ಮಾತಾಡುತ್ತಿದ್ದ. ಮಗಳ ಫೀಸು ಕಟ್ಟುವ ಕೊನೆಯ ದಿನ ಯಾವುದು ಎಂದು ನೆನಪಿಸಿದ. ಬೈಂದೂರಿನ ಹತ್ತಿರ "ಇನ್ನೂ ಎಷ್ಟು ದೂರ ಮಾರಾಯ?" ಎಂದು ಕೇಳಿದ. ಹತ್ತಿರ ಬಂತು ಎಂದೆ. ಹತ್ತಿರ ಬಂದಿರಲಿಲ್ಲ. ಮರವಂತೆಯಲ್ಲಿ ರಸ್ತೆಯ ಪಕ್ಕದಲ್ಲೇ ಕಡಲು ಮೊರೆಯುತ್ತಿತ್ತು. ಕುಂದಾಪುರ ಸೇರುವ ಮೊದಲು ಅಣ್ಣನ ಕೈ ತಣ್ಣಗಾಯಿತು.

2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ಬಿದ್ದು ನಾಲ್ವರು ತೀರಿಕೊಂಡರು. ಆ ವಿಡಿಯೊ ಎಲ್ಲರೂ ನೋಡಿದರು. ನನಗೆ ಪೂರ್ತಿ ನೋಡಲು ಆಗಲಿಲ್ಲ. ಅವತ್ತಿನಿಂದ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂಬ ಕೂಗು ಜೋರಾಗಿದೆ. ದೊಡ್ಡ ಆಸ್ಪತ್ರೆ ಸುಮ್ನೆ ಬರುವುದಿಲ್ಲ. ದುಡ್ಡು ಓಡಾಡುವ ಊರಿಗೆ ಬರುತ್ತದೆ. ಡಾಕ್ಟರು ತನ್ನ ಮಕ್ಕಳ ಶಾಲೆ ನೋಡಿ ಊರು ಆರಿಸಿಕೊಳ್ಳುತ್ತಾನೆ. ಬಂದರು ಬಂದ ಮರುದಿನ ಆಸ್ಪತ್ರೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಬಂದರು ಬೇಡ, ಕಾರ್ಖಾನೆ ಬೇಡ, ಏನೂ ಬೇಡ ಎಂದು ಕೂತರೆ ಆಂಬುಲೆನ್ಸು ಇನ್ನು 30 ವರ್ಷವೂ ಮಣಿಪಾಲದ ದಾರಿಯಲ್ಲೇ ಓಡುತ್ತಿರುತ್ತದೆ. ಅಣ್ಣನ ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ. ಅತ್ತಿಗೆ ಇಲ್ಲಿ ಒಬ್ಬರೇ ಇದ್ದಾರೆ. ಅವರಿಗೂ ಬಿ.ಪಿ. ಇದೆ.

ವಿರೋಧ: ಆಯಿ ಮೀನು ಒಣಗಿಸುವುದು ಎಲ್ಲಿ?
(ಹೈಸ್ಕೂಲ್ ಶಿಕ್ಷಕಿ, ಕಾಸರಕೋಡು ಟೊಂಕ)

ನಾನು ಟೊಂಕದವಳು. ನನ್ನ ಆಯಿ, ಅಂದರೆ ಅಮ್ಮ, 40 ವರ್ಷದಿಂದ ಒಣಮೀನಿನ ಕೆಲಸ ಮಾಡುತ್ತಿದ್ದಾಳೆ. ಅವಳ ಆಯಿಯೂ ಅದೇ ಮರಳಿನ ಮೇಲೆ ಅದೇ ಕೆಲಸ ಮಾಡಿದವಳು. ಬಂದರಿನ ನಕ್ಷೆ ನೋಡಿದವರಿಗೆ ಅಲ್ಲಿ ಖಾಲಿ ಮರಳು ಕಾಣುತ್ತದೆ. 93 ಎಕರೆ ಖಾಲಿ ಜಾಗ. ಆ ಮರಳು ಖಾಲಿ ಇಲ್ಲ ಎಂದು ಹೇಳಲು ಈ ಬರಹ.

ಮೀನು ಒಣಗಿಸುವುದು ಎಂದರೆ ಬಿಸಿಲಿಗೆ ಹರಡಿ ಬರುವುದು ಎಂದು ತುಂಬಾ ಜನ ತಿಳಿದುಕೊಂಡಿದ್ದಾರೆ. ಬೆಳಗಿನ ಜಾವ ಬೋಟು ಬಂದಾಗ ಆಯಿ ಧಕ್ಕೆಯಲ್ಲಿ ಇರಬೇಕು. ಹರಾಜಿನಲ್ಲಿ ಯಾವ ರಾಶಿ ತಾಜಾ, ಯಾವುದು ರಾತ್ರಿಯ ಮೊದಲ ಬಲೆಯದು ಎಂದು ಕಣ್ಣಲ್ಲೇ ತಿಳಿಯಬೇಕು. ತಾರ್ಲೆ, ಬೆಳಂಜಿ, ಶೆಟ್ಲಿಯಂಥ ಸಣ್ಣ ಮೀನು ಹಾಗೇ ಒಣಗುತ್ತದೆ. ಬಂಗಡೆಯನ್ನು ಸೀಳಿ, ಹೊಟ್ಟೆ ತೆಗೆದು, ತೊಳೆದು ಉಪ್ಪಿನಲ್ಲಿ ಇಡಬೇಕು. ಉಪ್ಪು ಸಾಣಿಕಟ್ಟಾದ್ದೇ ಆಗಬೇಕು ಎಂದು ಆಯಿಯ ಹಟ. ಉಪ್ಪು ಕಡಿಮೆಯಾದರೆ ಹುಳ, ಜಾಸ್ತಿಯಾದರೆ ಮೀನು ಕಲ್ಲು. ಆಮೇಲೆ ಮರಳಿನ ಮೇಲೆ ಬಲೆ ಹಾಸಿ ಹರಡುವುದು. ಮಧ್ಯಾಹ್ನಕ್ಕೆ ಒಮ್ಮೆ ಮಗುಚುವುದು. ಕಾಗೆ, ನಾಯಿ ಕಾಯುವುದು. ಇಬ್ಬನಿ ಬೀಳುವ ಮೊದಲು ಎಲ್ಲ ಒಟ್ಟುಮಾಡಿ ಮುಚ್ಚುವುದು. ಮರುದಿನ ಮತ್ತೆ ಹರಡುವುದು. ಎರಡು ಮೂರು ಬಿಸಿಲು ಕಂಡರೆ ಮೀನು ಕೈಯಲ್ಲಿ ಸದ್ದು ಮಾಡುತ್ತದೆ. ಆ ಸದ್ದು ಕೇಳಿ ಆಯಿ ಆಯಿತು ಎನ್ನುತ್ತಾಳೆ.

ಇದೆಲ್ಲ ಟೊಂಕದಲ್ಲೇ ಯಾಕೆ ಆಗುತ್ತದೆ? ಹೊಳೆಯ ಗಾಳಿ, ಕಡಲ ಗಾಳಿ ಎರಡೂ ಅಲ್ಲಿ ಸಿಗುತ್ತವೆ. ನಡುವೆ ಮರ ಇಲ್ಲ, ಗೋಡೆ ಇಲ್ಲ. ಮರಳು ಕಾಯುತ್ತದೆ, ಮೀನಿನ ನೀರು ಕೆಳಗೆ ಇಳಿದುಹೋಗುತ್ತದೆ. ಧಕ್ಕೆ ನಾಲ್ಕು ಹೆಜ್ಜೆ ದೂರ, ಬುಟ್ಟಿ ತಲೆಯ ಮೇಲೆ ಹೊತ್ತು ತಂದರೆ ಸಾಕು. ಮನೆ ಅಲ್ಲೇ. ಒಲೆಯ ಮೇಲೆ ಗಂಜಿ ಇಟ್ಟು ಬಂದು ಮೀನು ಮಗುಚಬಹುದು. ತೊಟ್ಟಿಲ ಮಗು ಅತ್ತರೆ ಕೇಳಿಸುತ್ತದೆ. ಬಾಡಿಗೆ ಇಲ್ಲ. ಯಾರ ಅಪ್ಪಣೆಯೂ ಬೇಡ. ಮೂರು ಕಿಲೋಮೀಟರ್ ಆಚೆ ಕಾಂಕ್ರೀಟ್ ಅಂಗಳ ಕೊಡುತ್ತೇವೆ ಎನ್ನುವವರು ಈ ಲೆಕ್ಕ ಹಾಕಿಲ್ಲ. ಅಲ್ಲಿಗೆ ಬುಟ್ಟಿ ಒಯ್ಯಲು ರಿಕ್ಷಾ ಬೇಕು. ಮಧ್ಯಾಹ್ನ ಮಗುಚಲು ಇಡೀ ದಿನ ಅಲ್ಲೇ ಇರಬೇಕು. ಮೋಡ ಕಟ್ಟಿದರೆ ಓಡಿಹೋಗಿ ಎತ್ತುವವರು ಯಾರು? ಬುಟ್ಟಿಯಲ್ಲಿ ಸಿಗುವ ನೂರಿನ್ನೂರು ರೂಪಾಯಿ ಲಾಭ ರಿಕ್ಷಾಕ್ಕೇ ಹೋಗುತ್ತದೆ.

ನಾನು ಓದಿದ್ದು ಇದೇ ದುಡ್ಡಿನಲ್ಲಿ. ಅಪ್ಪ ಬೇರೆಯವರ ಬೋಟಿಗೆ ಹೋಗುತ್ತಿದ್ದ. ಸಿಕ್ಕಿದ ಪಾಲು ಅಕ್ಕಿಗೆ, ಡಾಕ್ಟರಿಗೆ, ಕುಡಿತಕ್ಕೆ ಹಂಚಿಹೋಗುತ್ತಿತ್ತು. ಉಳಿತಾಯ ಎಂಬುದು ಇದ್ದರೆ ಅದು ಆಯಿಯ ಒಣಮೀನಿನ ಚೀಲದಲ್ಲಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಸೇರಬೇಕಾದ ವರ್ಷ ಅಪ್ಪನಿಗೆ ಜಾಂಡೀಸ್ ಆಯಿತು. ಫೀಸು ಕಟ್ಟಲು ಮೂರು ದಿನ ಉಳಿದಿತ್ತು. ಆಯಿ ಮಳೆಗಾಲಕ್ಕೆ ಎಂದು ಇಟ್ಟಿದ್ದ ಎರಡು ಚೀಲ ಬಂಗಡೆ ತೆಗೆದಳು. ಇಲ್ಲಿ ಮಾರಿದರೆ ದರ ಸಿಗುವುದಿಲ್ಲ, ಸಿದ್ದಾಪುರದ ಸಂತೆಗೆ ಹೋಗೋಣ ಎಂದಳು. ನಾನೂ ಜೊತೆಗೆ ಹೊರಟೆ.

ಬಸ್ಸಿನಲ್ಲಿ ಹತ್ತಲು ಬಿಡಲಿಲ್ಲ. ವಾಸನೆ ಬರುತ್ತದೆ, ಬೇರೆಯವರಿಗೆ ತೊಂದರೆ ಎಂದರು. ಆಯಿ ಏನೂ ಹೇಳದೆ ಚೀಲ ಕೆಳಗಿಳಿಸಿದಳು. ರಸ್ತೆಯ ಬದಿಗೆ ಒಂದು ಗಂಟೆ ನಿಂತೆವು. ಕೊನೆಗೆ ಘಟ್ಟ ಹತ್ತುವ ಖಾಲಿ ಲಾರಿಯೊಂದು ನಿಂತಿತು. ಗೇರುಸೊಪ್ಪೆ ದಾಟಿ ಘಟ್ಟದ ತಿರುವುಗಳಲ್ಲಿ ನಾವಿಬ್ಬರೂ ಚೀಲಕ್ಕೆ ಆತುಕೊಂಡು ಕೂತಿದ್ದೆವು. ಮಾವಿನಗುಂಡಿಯಲ್ಲಿ ಡ್ರೈವರ್ ಚಹಾ ಕೊಡಿಸಿದ, ದುಡ್ಡು ಕೇಳಲಿಲ್ಲ. ಸಂತೆಯಲ್ಲಿ ಆಯಿ ಕೂತ ಅರ್ಧ ಗಂಟೆಗೆ ಹೆಂಗಸರು ಬಂದರು. "ಟೊಂಕದ್ದೇ ಅಲ್ವಾ ಅಕ್ಕಾ?" ಎಂದು ಕೇಳಿ ತೆಗೆದುಕೊಂಡರು. ಅವರು ಕೇಳಿದ್ದು ಬಂಗಡೆ ಅಲ್ಲ, ಟೊಂಕದ ಬಂಗಡೆ. ನನಗೆ ಅದು ಇವತ್ತಿಗೂ ನೆನಪಿದೆ. ಸಂಜೆಗೆ ಎರಡೂ ಚೀಲ ಖಾಲಿಯಾದವು. ಆಯಿ ನೋಟುಗಳನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿ, ಗಂಟನ್ನು ನನ್ನ ಕೈಯಲ್ಲಿ ಮುಟ್ಟಿಸಿದಳು. ಮರುದಿನ ಫೀಸು ಕಟ್ಟಿದೆವು. ಆ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಣಮೀನು ಇರಲಿಲ್ಲ. ಪಕ್ಕದ ಮನೆಯವರು ಕೊಟ್ಟರು.

ಈಗ ನನಗೆ ಸಂಬಳ ಬರುತ್ತದೆ. ಬಿಟ್ಟುಬಿಡು ಎಂದರೂ ಆಯಿ ಕೆಲಸ ಬಿಟ್ಟಿಲ್ಲ. ಅವಳ ಜೊತೆ ಬೇಲೆಯಲ್ಲಿ ಕೂರುವ ಹೆಂಗಸರಲ್ಲಿ ಗಂಡ ಸತ್ತವರಿದ್ದಾರೆ, ಗಂಡ ಬಿಟ್ಟವರಿದ್ದಾರೆ, ಮಗ ಊರು ಬಿಟ್ಟು ಹೋಗಿ ಸುದ್ದಿಯೇ ಇಲ್ಲದವರಿದ್ದಾರೆ. ಯಾರ ಹತ್ತಿರವೂ ಬೋಟಿಲ್ಲ. ಅವರಿಗೆ ಇರುವುದು ಮರಳು ಒಂದೇ. ಬಂದರು ಕೊಡುವ ಕೆಲಸದ ಪಟ್ಟಿ ತಂದು ಇವರಿಗೆ ಓದಿ ಹೇಳಿ. ಕ್ರೇನ್ ನಡೆಸುವವರು, ಲಾರಿ ಓಡಿಸುವವರು, ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು. 55 ವರ್ಷದ, ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ಅದರಲ್ಲಿ ಯಾವ ಕೆಲಸ? ಗೇಟಿನ ಹತ್ತಿರ ಕಸ ಗುಡಿಸುವುದು. ಇವತ್ತು ಅವಳು ತನ್ನ ವ್ಯಾಪಾರಕ್ಕೆ ತಾನೇ ಯಜಮಾನಿ.

ಕೆಲಸದ ಮಾತು ಬಂತಲ್ಲ, ನಮ್ಮದೇ ಜಿಲ್ಲೆಯ ಬೇಲೆಕೇರಿ ಬಂದರು ನೋಡೋಣ. ಅದಿರು ಸಾಗಿಸುವ ದಿನಗಳಲ್ಲಿ ಅಂಕೋಲೆಯ ರಸ್ತೆಗಳ ತುಂಬಾ ಲಾರಿ. ಸಾಲ ಮಾಡಿ ಲಾರಿ ಕೊಂಡವರು, ಹೋಟೆಲ್ ಇಟ್ಟವರು, ಬಾಡಿಗೆ ಕೋಣೆ ಕಟ್ಟಿದವರು ಎಷ್ಟೋ ಮಂದಿ. 2010ರಲ್ಲಿ ಅಲ್ಲಿಂದ ಅಕ್ರಮವಾಗಿ ಅದಿರು ಹೋದ ಹಗರಣ ಹೊರಗೆ ಬಂತು, ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಲಾರಿಗಳು ನಿಂತವು. ಸಾಲ ಉಳಿಯಿತು, ಕೆಂಪು ಧೂಳು ಉಳಿಯಿತು. ಸರಕು ಇರುವವರೆಗೆ ಬಂದರು, ಸರಕು ನಿಂತ ದಿನ ಕೆಲಸವೂ ನಿಲ್ಲುತ್ತದೆ. ಮೀನು ಹಾಗಲ್ಲ. ಒಂದು ವರ್ಷ ಬಂಗಡೆ ಕಡಿಮೆಯಾದರೆ ತಾರ್ಲೆ ಬರುತ್ತದೆ, ತಾರ್ಲೆ ಇಲ್ಲದ ವರ್ಷ ಶೆಟ್ಲಿ.

ಜಾಗ ಬಿಟ್ಟವರ ಕಥೆಯೂ ನಮ್ಮ ಜಿಲ್ಲೆಗೆ ಹೊಸದಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆಯ ನಡುವಿನ ಊರುಗಳು ಎದ್ದುಹೋದವು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಅದು ದೇಶದ ಕಾವಲಿನ ವಿಷಯ ಎಂದು ಜನ ಒಪ್ಪಿ ಎದ್ದರು. ಅವರ ಕೈಯಲ್ಲಿ ಪಹಣಿ ಇತ್ತು, ಆದರೂ ಅಷ್ಟು ಕಷ್ಟಪಟ್ಟರು. ಟೊಂಕದಲ್ಲಿ ಎಷ್ಟೋ ಮನೆಗಳಿಗೆ ಪಹಣಿಯೇ ಇಲ್ಲ. ನಮ್ಮ ಮನೆಗೂ ಇಲ್ಲ. ಹೊಳೆ, ಕಡಲು ಸೇರಿ ಮರಳು ತಂದು ಹಾಕಿದ ಜಾಗ ಅದು. ನಮ್ಮ ಹಿರಿಯರು ಬಂದು ನಿಂತರು. ಕಾಗದದ ಲೆಕ್ಕದಲ್ಲಿ ಅದು ಸರ್ಕಾರದ ಜಾಗ. ಎಬ್ಬಿಸಿದರೆ ಪರಿಹಾರ ಕೇಳಲು ನಮ್ಮ ಹತ್ತಿರ ಏನಿದೆ?

ಒಮ್ಮೆ ಒಬ್ಬರು ಫೈಲು ಹಿಡಿದು ಬೇಲೆಗೆ ಬಂದಿದ್ದರು. ಎಲ್ಲಿಂದ ಬಂದವರು ಎಂದು ಹೇಳಲಿಲ್ಲ. ಮೀನು ಎಷ್ಟು ಕೆ.ಜಿ., ವರ್ಷಕ್ಕೆ ಎಷ್ಟು ಆದಾಯ, ರಶೀದಿ ಇದೆಯಾ ಎಂದು ಆಯಿಯನ್ನು ಕೇಳಿದರು. ಆಯಿಗೆ ಗೊತ್ತಿರುವುದು ಬುಟ್ಟಿಯ ಲೆಕ್ಕ. ಅವರು ಏನೂ ಬರೆದುಕೊಳ್ಳದೆ ಹೋದರು. ಅವರ ಕೈಯಲ್ಲಿದ್ದ ಕಾಗದ ಇಂಗ್ಲಿಷಿನಲ್ಲಿತ್ತು.

ಈಗ ಕಡಲಿನ ವಿಷಯ. ಅಲೆತಡೆ ಗೋಡೆ ಕಟ್ಟಿದರೆ ಕಡಲು ಸುಮ್ಮನಾಗುತ್ತದೆ ಎಂದು ದಡದಲ್ಲಿ ನಿಂತವರಿಗೆ ಅನಿಸುತ್ತದೆ. ಮರಳು ಯಾವಾಗಲೂ ದಡದ ಉದ್ದಕ್ಕೂ ಓಡಾಡುತ್ತಿರುತ್ತದೆ. ಮಳೆಗಾಲದ ಅಲೆ ಒಂದು ಕಡೆಗೆ ಎಳೆಯುತ್ತದೆ, ಬೇಸಿಗೆಯ ಅಲೆ ತಂದು ಹಾಕುತ್ತದೆ. ನಡುವೆ ಕಲ್ಲಿನ ಗೋಡೆ ಚಾಚಿದರೆ ಒಂದು ಬದಿಗೆ ಮರಳು ರಾಶಿ ಬೀಳುತ್ತದೆ, ಇನ್ನೊಂದು ಬದಿಯ ದಡ ಕುಸಿಯುತ್ತದೆ. ನೇತ್ರಾವತಿ ಅಳಿವೆಯ ಪಕ್ಕದ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಎಷ್ಟು ಮನೆ ಹೋದವು, ಎಷ್ಟು ಕಲ್ಲು ಸುರಿದರು ಎಂದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಮನೆಗಳು ಮರಳಿನ ಮೇಲಿವೆ, ಅದರ ಕೆಳಗೆ ಬಂಡೆಯಿಲ್ಲ.

ಅಳಿವೆಯ ಹೂಳು ತೆಗೆಯಲು ಬಂದರು ಬೇಕು ಎನ್ನುತ್ತಾರೆ. ಹೂಳು ತೆಗೆಯಲು ಡ್ರೆಜ್ಜರ್ ಬೇಕು, ಕಲ್ಲಿದ್ದಲಿನ ಹಡಗು ಬೇಡ. ಅದಕ್ಕಿಂತ ಹೆಚ್ಚು ನಾನು ಇದಕ್ಕೆ ಉತ್ತರ ಕೊಡುವುದಿಲ್ಲ.

ಕಡಲಾಮೆಯ ಬಗ್ಗೆ ಮಾತಾಡಿದರೆ ಹೊರಗಿನವರು ಹೇಳಿಕೊಟ್ಟಿದ್ದು ಎಂದು ಹೇಳುವವರಿದ್ದಾರೆ. ಆಲಿವ್ ರಿಡ್ಲೆ ಆಮೆ ನಮ್ಮ ಬೇಲೆಗೆ ಮೊಟ್ಟೆ ಇಡಲು ಬರುವುದನ್ನು ಮೊದಲು ನೋಡಿದವರು ನಾವೇ. ಚಳಿಗಾಲದ ರಾತ್ರಿ ಬರುತ್ತದೆ. ಹಿಂಗಾಲಿನಲ್ಲಿ ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ, ತಿರುಗಿ ನೋಡದೆ ಕಡಲಿಗೆ ಹೋಗುತ್ತದೆ. ನಾನು ಸಣ್ಣವಳಿದ್ದಾಗ ಮೊಟ್ಟೆ ತಿನ್ನುವವರೂ ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಈಗ ನಮ್ಮ ಹುಡುಗರೇ ಅರಣ್ಯ ಇಲಾಖೆಗೆ ಫೋನು ಮಾಡುತ್ತಾರೆ. ಗೂಡಿಗೆ ಬಲೆಯ ಬೇಲಿ ಹಾಕಿ 50 ದಿನ ನಾಯಿ, ನರಿ ಕಾಯುತ್ತಾರೆ. ಮರಿ ಹೊರಬರುವ ದಿನ ಶಾಲೆಯ ಮಕ್ಕಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಆಮೆ ಮೊಟ್ಟೆ ಇಡುವ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಅತಿ ಬಿಗಿಯಾದ ರಕ್ಷಣೆ ಇದೆ. ಮರಿಗಳು ಬೆಳಕು ಕಂಡ ಕಡೆಗೆ ಹೋಗುತ್ತವೆ. ಮೊದಲು ಕಡಲಿನ ಮೇಲಿನ ಬೆಳಕು ಮಾತ್ರ ಇತ್ತು. ರಾತ್ರಿಯಿಡೀ ದೀಪ ಉರಿಯುವ ಬಂದರು ಬಂದರೆ ಅವು ಲಾರಿಯ ಚಕ್ರದ ಕಡೆಗೆ ಹೋಗುತ್ತವೆ.

2020ರಲ್ಲಿ ಕಾಸರಕೋಡು ಬೀಚಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತು. ರಾಜ್ಯದಲ್ಲಿ ಆಗ ಸಿಕ್ಕಿದ್ದು ಎರಡೇ, ಇನ್ನೊಂದು ಪಡುಬಿದ್ರಿ. ನೀರು ಶುದ್ಧ, ಮರಳು ಶುದ್ಧ ಎಂದು ಹೊರದೇಶದ ಸಂಸ್ಥೆ ಕೊಟ್ಟ ಬಾವುಟ. ಅದೇ ಗ್ರಾಮದ ಮರಳಿನ ಮೇಲೆ ಬಂದರಿನ ರಸ್ತೆಯ ಗೂಟ ಹೊಡೆಯುತ್ತಾರೆ. ಎರಡಕ್ಕೂ ಸಹಿ ಹಾಕಿದ್ದು ಸರ್ಕಾರವೇ ಅಲ್ವಾ?

2022ರ ಜನವರಿಯಲ್ಲಿ ರಸ್ತೆ ಕೆಲಸಕ್ಕೆ ಬಂದಾಗಲೂ, 2025ರ ಫೆಬ್ರವರಿಯಲ್ಲಿ ಸರ್ವೆಗೆ ಬಂದಾಗಲೂ ಪೊಲೀಸರು ಜೊತೆಗೆ ಬಂದರು. ಎರಡನೆಯ ಸಲ ಊರಿಗೆ ನಿಷೇಧಾಜ್ಞೆ ಹಾಕಿದರು. ಗುಂಪು ಸೇರಬಾರದು ಎಂದರು. ಮೀನಿನ ಕೆಲಸ ಗುಂಪಿನ ಕೆಲಸ, ಒಬ್ಬರೇ ಹೇಗೆ ಮಾಡುವುದು? ಹೆಂಗಸರು ಕಡಲಿಗೆ ಇಳಿದು ನಿಂತರು. ಆಯಿಯೂ ಇಳಿದಳು. ಅವಳಿಗೆ ಈಜು ಬರುವುದಿಲ್ಲ. ನಾನು ದಡದಲ್ಲಿ ನಿಂತು ಕೂಗಿದೆ, ಬಾ ಆಯಿ, ಸಾಕು ಬಾ ಅಂತ. ಅವಳು ಎದೆಮಟ್ಟದ ನೀರಿನಲ್ಲಿ ಪಕ್ಕದ ಮನೆಯವಳ ಕೈ ಹಿಡಿದು ನಿಂತಿದ್ದಳು. ಸಂಜೆ ಮನೆಗೆ ಬಂದು ಜ್ವರ ಹಿಡಿದು ಮಲಗಿದಳು. ಮೂರನೆಯ ದಿನ ಮತ್ತೆ ಧಕ್ಕೆಗೆ ಹೋದಳು. ಶೆಟ್ಲಿ ಬಂದಿತ್ತು.

ಅಭಿವೃದ್ಧಿ ನಮಗೂ ಬೇಕು. ಒಣಮೀನು ಇಡಲು ಒಳ್ಳೆಯ ಗೋದಾಮು ಬೇಕು. ಐಸ್ ಪ್ಲಾಂಟ್ ಬೇಕು. ಧಕ್ಕೆಯಲ್ಲಿ ಹೆಂಗಸರಿಗೆ ಶೌಚಾಲಯ ಬೇಕು. ಮನೆಗಳಿಗೆ ಪಹಣಿ ಬೇಕು. ಒಣಮೀನು ಒಯ್ಯಲು ಒಂದು ವ್ಯಾನು ಸಿಕ್ಕಿದರೆ ಯಾವ ಹೆಂಗಸೂ ರಸ್ತೆಯ ಬದಿಗೆ ಚೀಲ ಹಿಡಿದು ನಿಲ್ಲಬೇಕಾಗಿಲ್ಲ. ಇದನ್ನೆಲ್ಲ ನಾವು ಕೇಳಿ ಕೇಳಿ ಸಾಕಾಗಿದೆ.

ಬಂದರು ಬೇಕು ಎನ್ನುವವರು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಲಿ. ಮೀನು ಒಣಗಿಸಲು ಯಾವ ಜಾಗ, ಧಕ್ಕೆಯಿಂದ ಎಷ್ಟು ದೂರ? ಎಷ್ಟು ಮನೆ ಏಳಬೇಕು, ಅವರಿಗೆ ಪಹಣಿ ಯಾರ ಹೆಸರಿನಲ್ಲಿ? ಹಡಗು ಬರುವ ಹೊತ್ತಿನಲ್ಲಿ ನಾಡದೋಣಿಯನ್ನು ಅಳಿವೆಯಲ್ಲಿ ಬಿಡುತ್ತಾರಾ? ದಡ ಕೊರೆದರೆ ದುಡ್ಡು ಕೊಡುವವರು ಯಾರು? ಉತ್ತರವನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ, ಟೊಂಕದ ಬೇಲೆಗೆ ತಂದು ಓದಿ ಹೇಳಲಿ. ಹೆಂಗಸರು ಮೀನು ಮಗುಚಿ ಬಂದು ಕೂರುವ ಮಧ್ಯಾಹ್ನದ ಹೊತ್ತಿಗೆ ಬರಲಿ.